ಸೋಮವಾರದ ಅಕ್ಕಿ

ಮೊಮ್ಮಗಳು ಸುಳ್ಳು ಪತ್ತೆ ಯಂತ್ರದ ತರಬೇತಿಗೆ ಸೇರಿದ್ದಾಳೆ. ರಜೆಗೆ ನವನಗರದ ನಮ್ಮ ಮನೆಗೆ ಬಂದವಳಿಗೆ ರೂಢಿ ಮಾಡಿಕೊಳ್ಳಲು ಒಂದು ಜೀವ ಬೇಕಿತ್ತು, ನಾನು ಸಿಕ್ಕೆ. ಯಂತ್ರ ತಂದಿರಲಿಲ್ಲ, ಬರೀ ಪ್ರಶ್ನೆ. ಸಕ್ಕರೆ ಕಾಯಿಲೆಯವಳಾದ ನಾನು ಬಚ್ಚಿಟ್ಟುಕೊಂಡ ಬೆಲ್ಲದ ವಿಷಯವೇ ಬರುತ್ತದೆಂದು ಗಟ್ಟಿಯಾಗಿ ಕೂತರೆ, ರಾತ್ರಿ ನಿದ್ದೆ ಬಂತೇ, ಬೆಳಗಿನಿಂದ ಹೊಟ್ಟೆಗೆ ಏನು ತಗೊಂಡಿರಿ ಎಂದು ಕೇಳಿದಳು. ಇದೇನು, ಕಳ್ಳರ ಕ್ಷೇಮಸಮಾಚಾರವೇ ಎಂದು ನಕ್ಕೆ. ಹಸಿದವರನ್ನು, ಬಳಲಿದವರನ್ನು ಪರೀಕ್ಷೆಗೆ ಕೂಡಿಸಬಾರದಂತೆ. ಅದೇ ಅವರ ಮೊದಲ ಪಾಠವಂತೆ. ನನ್ನ ನಗು ಅಲ್ಲೇ ನಿಂತಿತು.

ಅರವತ್ತರ ದಶಕದ ಮೊದಲಲ್ಲಿ ನಾನು ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳ ಮನೆಗೆ ಹೊಸ ಸೊಸೆ. ಬೆಳ್ಳಿ ಬಟ್ಟಲೊಂದು ಕಳೆಯಿತು. ಮಾವನವರು ಫೌಜದಾರ ಕಾಕಾನನ್ನು ಕರೆಸಿದರು. ಆತ ಫೌಜದಾರನಾಗಿದ್ದವನೇನಲ್ಲ, ಠಾಣೆಯಲ್ಲಿ ಕಾಗದ ಬರೆದು ನಿವೃತ್ತನಾದವನು, ಮೀಸೆಯೊಂದೇ ಫೌಜದಾರನದು. ಬಾಯಿಗೆ ಒಣ ಅಕ್ಕಿ ಹಾಕಿ ಅಗಿಸುವುದು, ಉಗುಳಿದ್ದು ಒಣಗಿದ್ದರೆ ಭಯಕ್ಕೆ ಬಾಯಿ ಆರಿದ ಕಳ್ಳರು. ಇಷ್ಟೇ ಆತನ ವಿದ್ಯೆ. ಕ್ಷೌರ ಕಲಿಯುವವನನ್ನೂ ವರ್ಷಗಟ್ಟಲೆ ಕತ್ತಿ ಮಸೆಯಲು ಕೂಡಿಸುತ್ತಾರಲ್ಲ, ಮಾನ ಹೆರೆಯುವ ಈ ಪುಣ್ಯಾತ್ಮನನ್ನು ಯಾರ ಹತ್ತಿರ ಕಲಿತೆ ಎಂದು ಒಬ್ಬರಾದರೂ ಕೇಳಬೇಡವೇ?

ಶಿವನ ವಾರ ಸುಳ್ಳು ನಡೆಯುವುದಿಲ್ಲವೆಂದು ಶ್ರಾವಣ ಸೋಮವಾರವನ್ನೇ ಆರಿಸಿದ. ನುಂಗುವುದಲ್ಲ, ಉಗುಳುವುದು, ವ್ರತ ಕೆಡುವುದಿಲ್ಲ ಎಂಬ ಅಪ್ಪಣೆಯೂ ಆತನದೇ. ನಮ್ಮ ಉಪವಾಸವಾದರೂ ಎಂಥದು? ಸಾಬೂದಾಣಿ, ಬಾಳೆಹಣ್ಣು, ಮೇಲೆ ಎರಡೆರಡು ಸಲ ಚಹಾ. ನಾವು ಅಗಿದ ಅಕ್ಕಿ ಹಸಿಯಾಗಿ ಬಂತು. ರೊಟ್ಟಿ ಬಡಿಯುವ ಗಂಗವ್ವನ ಬಾಯಿಂದ ಒಣ ಪುಡಿ ಉದುರಿತು. ಕಾಕಾ ಆಕೆಯತ್ತ ಬೆರಳು ಮಾಡಿ, ಕೈ ತೊಳೆದು ಫಲಾಹಾರಕ್ಕೆ ಕೂತ.

ಹಿತ್ತಲ ಬಾಗಿಲಿನಿಂದ ಹೊರಬಿದ್ದ ಗಂಗವ್ವನಿಗೆ ನೀರು ಕೊಡಹೋದೆ. ಮುಟ್ಟಲಿಲ್ಲ.

"ಹೊತ್ತು ಮುಣಗೂತನಕ ನೀರೂ ಮುಟ್ಟಾಂಗಿಲ್ರಿ ಅಕ್ಕಾರ. ಸೋಮವಾರ ಅಲ್ಲೇನ್ರಿ?"

ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ಕದ್ದೀಯೇನು ಅಂತ ಕೇಳಿದ್ರು. ಉಂಡೀಯೇನು ಅಂತ ಯಾರು ಕೇಳ್ಯಾರ್ರಿ?"

ಒಳಗೆ ಓಡಿ ಮಾವನವರಿಗೆ ಹೇಳಿದೆ. ಆಡಿದ ಮಾತು ಹಿಂದೆ ತೆಗೆದುಕೊಂಡರೆ ಕಾಕಾನ ಮರ್ಯಾದೆ ಏನಾದೀತು ಎಂದರು. ಕಾಕಾನ ಮರ್ಯಾದೆ! ಓಣಿಯ ಯಾವ ಮನೆಯೂ ಮತ್ತೆ ಗಂಗವ್ವನನ್ನು ಅಡುಗೆಮನೆಗೆ ಬಿಟ್ಟುಕೊಳ್ಳಲಿಲ್ಲ. ಅರಳೆ ಗಿರಣಿಯ ಧೂಳಿನಲ್ಲಿ ಕೆಮ್ಮುತ್ತ ದುಡಿದಳು. ಕಾಕಾನಿಗೆ ಮಾತ್ರ ಕರೆಗಳು ಬರುತ್ತಲೇ ಇದ್ದವು.

ಬಟ್ಟಲು ಸಿಕ್ಕಿತೇ ಎಂದು ನೀವು ಕೇಳುತ್ತೀರಿ. ಸಿಗಲಿಲ್ಲ. ಗಂಗವ್ವ ಕದ್ದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆ ಅಕ್ಕಿಗೂ ಗೊತ್ತಿರಲಿಲ್ಲ, ಅಷ್ಟು ಮಾತ್ರ ಬಲ್ಲೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ನಿಮ್ಮ ಪಾಠದಲ್ಲಿ ಉಪವಾಸದ ಮಾತಿದೆಯೇ ಎಂದೆ. ಊಟದ್ದಿದೆ, ಉಪವಾಸ ಎಂದು ಬೇರೆ ಇಲ್ಲ ಎಂದಳು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಅಜ್ಜಿ, ಇವತ್ತ ನಿಮ್ಮದು ಉಪವಾಸ ಏನ್ರಿ?"

ಅಷ್ಟು ದೊಡ್ಡ ಮನೆಯಲ್ಲಿ ಅಂದು ಯಾರ ಬಾಯಿಂದಲೂ ಬರದ ಪ್ರಶ್ನೆ. ಇಲ್ಲವೆಂದು ತಲೆಯಾಡಿಸಿದೆ.