ಹೊಲಿಗೆ ಇಲ್ಲದ ಆಪರೇಷನ್

ಗ್ಯಾಸ್ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿದು ಬಡಿದು ನನ್ನ ಹೆಂಡತಿಯ ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಹುಬ್ಬಳ್ಳಿಯ ಡಾಕ್ಟರು ಸೂಜಿಯಷ್ಟು ತೂತಿನಿಂದ ಲೇಸರ್ ಹಾಯಿಸಿ ಸಂಜೆಗೇ ಶಿಗ್ಗಾಂವಿಗೆ ಕಳಿಸಿದರು. ಅಡ್ಡಾಡಲಿ, ಆದರೆ ಹದಿನೈದು ದಿನ ಒಂದೇ ಕಡೆ ನಿಲ್ಲಕೂಡದು ಎಂದಿದ್ದರು.

ಮರುದಿನ ದುಂಡಸಿಯಿಂದ ನಮ್ಮ ದೊಡ್ಡವ್ವ ಬಾಳೆಹಣ್ಣು ಹಿಡಿದು ರೋಗಿಯನ್ನು ನೋಡಲು ಬಂದಳು. ಕನ್ನಡಕ ಏರಿಸಿ ಕಾಲಿನ ತಪಾಸಣೆ ನಡೆಸಿದಳು.

“ಹೊಲಿಗಿ ಎಲ್ಲೈತಿ?”

“ಹೊಲಿಗಿ ಹಾಕಿಲ್ರಿ ಅತ್ತಿ.”

“ಹೊಲಿಗಿ ಇಲ್ಲದ್ದು ಎಂಥಾ ಆಪರೇಷನ್? ಏಳು, ಎರಡು ರೊಟ್ಟಿ ಬಡಿ.”

ಹೆಂಡತಿ ಏಳತೊಡಗಿದಳು. ಇಷ್ಟು ವರ್ಷ ಆ ರೊಟ್ಟಿಗಳನ್ನು ಕುಳಿತು ತಿಂದವನು ನಾನು. ಆಕೆಯನ್ನು ಕೂರಿಸಿ, ಪಾದದಿಂದ ಮೊಣಕಾಲಿನವರೆಗೆ ಎರಡು ಸುರುಳಿ ಬ್ಯಾಂಡೇಜನ್ನು ಪರಮ ಗಾಂಭೀರ್ಯದಿಂದ, ಸಡಿಲವಾಗಿ ಸುತ್ತಿದೆ.

ದೊಡ್ಡವ್ವನ ದನಿ ಇಳಿಯಿತು. “ಅಯ್ಯ ಶಿವನ, ಇಷ್ಟು ದೊಡ್ಡ ಆಪರೇಷನ್ ಏನು! ಮಲಕೋ ನನ್ನವ್ವ,” ಎಂದು ತಾನೇ ಹಿಟ್ಟು ನಾದಲು ಹೋದಳು.