ಮೇಡಂ ಬಿಡದ ರೇಸು

ಈ ಬೇಸಿಗೆಯ ಶುರುವಿನಲ್ಲಿ ಒಂದು ದಿನ ಶಿವಮೊಗ್ಗದ ಬಸ್‌ಸ್ಟ್ಯಾಂಡಿನ ಎದುರು ಮಜ್ಜಿಗೆ ಮಾರುವವಳು ಮಡಕೆಯ ಮುಚ್ಚಳ ತೆಗೆದಾಗ ಇಂಗು, ಜಜ್ಜಿದ ಶುಂಠಿ, ಕರಿಬೇವಿನ ವಾಸನೆ ಒಟ್ಟಿಗೇ ಮೂಗಿಗೆ ಬಡಿಯಿತು. ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಭದ್ರಾವತಿಯಲ್ಲಿ ನಮ್ಮ ಹೈಸ್ಕೂಲಿನ ಪಿ.ಟಿ. ಮೇಡಂ ಸೈಕಲ್ ಹ್ಯಾಂಡಲ್ಲಿಗೆ ಸ್ಟೀಲಿನ ಕ್ಯಾನು ತೂಗುಹಾಕಿಕೊಂಡು ಬರುತ್ತಿದ್ದರು. ಅದರಲ್ಲಿ ಇದೇ ಮಜ್ಜಿಗೆ, ಉಪ್ಪು ಮಾತ್ರ ಒಂದು ಚಿಟಿಕೆ ಜಾಸ್ತಿ...

ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಶಾಲೆಗೆ ಹೋಗಿಬರುವುದಷ್ಟೇ ನಮಗೆ ಗೊತ್ತಿತ್ತು. ರೇಸು ಹೊಡೆಯುವುದನ್ನು ಕಲಿಸಿದ್ದು ಮೇಡಂ. ಓಲ್ಡ್ ಟೌನಿನಿಂದ ಶಂಕರಘಟ್ಟದ ಕಡೆಗೆ ಇನ್ನೂ ಬೆಳಕು ಹರಿಯುವ ಮುಂಚೆ ಹೊರಡಿಸುತ್ತಿದ್ದರು, ಬಿಸಿಲು ಚುರುಕಾಗುವಷ್ಟರಲ್ಲಿ ವಾಪಸ್ ತಂದು ಬಿಡುತ್ತಿದ್ದರು. ತುಂಬುತೋಳಿನ ಹತ್ತಿ ಅಂಗಿಯೇ ಹಾಕಬೇಕು, ಕತ್ತಿಗೆ ಒದ್ದೆ ಬಟ್ಟೆ ಸುತ್ತಬೇಕು. ಬಾಯಾರಿಕೆ ಆಗಲಿ ಎಂದು ಕಾಯುವ ಹಾಗಿಲ್ಲ, ಮರ ಕಂಡಲ್ಲಿ ನಿಂತು ನಾಲ್ಕು ಗುಟುಕು ಕುಡಿಯಲೇಬೇಕು. ಯಾರಾದರೂ ತಲೆ ಸುತ್ತುತ್ತದೆ ಎಂದರೆ ಬಯ್ಯುತ್ತಿರಲಿಲ್ಲ. ಹೇಳದೆ ಮುಚ್ಚಿಟ್ಟರೆ ಮಾತ್ರ ಬಯ್ಯುತ್ತಿದ್ದರು.

ನಮ್ಮ ಪೈಕಿ ಜೋರಾಗಿ ತುಳಿಯುತ್ತಿದ್ದವಳು ನಾನೇ. ಹತ್ತನೇ ತರಗತಿಯಲ್ಲಿದ್ದಾಗ ಜಿಲ್ಲೆಯ ರೇಸು ಶಿವಮೊಗ್ಗದಲ್ಲಿ ಎಂದಾಯಿತು. ಅದರಲ್ಲಿ ಗೆದ್ದವಳಿಗೆ ಕ್ರೀಡಾ ಹಾಸ್ಟೆಲ್ಲಿನಲ್ಲಿ ಜಾಗ ಸಿಗುತ್ತದೆ, ಓದು, ಊಟ, ತರಬೇತಿ ಎಲ್ಲ ಅಲ್ಲೇ ಎಂದು ಕೇಳಿದ ದಿನದಿಂದ ನನಗೆ ಬೇರೇನೂ ತಲೆಗೆ ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಊರು ಬಿಟ್ಟು ಓದಿದವರಲ್ಲ.

ರೇಸು ಬೆಳಿಗ್ಗೆಯೇ ಶುರುವಾಗಬೇಕಿತ್ತು. ಉದ್ಘಾಟನೆಗೆ ಬರಬೇಕಾದವರು ಬರಲಿಲ್ಲ. ಸಾಗರ ರಸ್ತೆಯ ಪಕ್ಕದಲ್ಲಿ ನಾವು ಸೈಕಲ್ ಹಿಡಿದು ನಿಂತೇ ಇದ್ದೆವು. ಅವರು ಬಂದು, ಹಾರ ಹಾಕಿಸಿಕೊಂಡು, ಭಾಷಣ ಮುಗಿಸುವಾಗ ಮಧ್ಯಾಹ್ನ. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಆಯನೂರಿನವರೆಗೆ ಹೋಗಿ ತಿರುಗಿ ಬರಬೇಕಿತ್ತು.

ಮೇಡಂ ಸಂಘಟಕರ ಹತ್ತಿರ ಹೋಗಿ, "ಸರ್, ಸಂಜೆಗಿಡಿ, ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಮಾಡಿ" ಅಂದರು.

"ಅತಿಥಿಗಳು ಕೂತಿದಾರೆ ಮೇಡಂ. ಸ್ವಲ್ಪ ಬಿಸಿಲಿಗೆ ಏನಾಗುತ್ತೆ?"

"ನೀವು ಪೆಂಡಾಲ್ ಕೆಳಗೆ ಕೂತಿದೀರಿ ಸರ್. ನನ್ನ ಹುಡುಗೀರು ಇಳಿಯಲ್ಲ."

ನಾನು ಮೇಡಂ ಕೈ ಹಿಡಿದುಕೊಂಡು ಅತ್ತೆ. "ನನ್ನೊಬ್ಬಳನ್ನಾದ್ರೂ ಬಿಡಿ ಮೇಡಂ."

"ನಿನ್ನನ್ನಂತೂ ಬಿಡಲ್ಲ ಮಾರಾಯ್ತಿ. ಬೇರೆಯವರು ಸುಸ್ತಾದ್ರೆ ನಿಲ್ತಾರೆ. ನೀನು ಬೀಳೋ ತನಕ ತುಳೀತೀಯ."

ಅಷ್ಟಕ್ಕೇ ಬಿಡಲಿಲ್ಲ. ನಮ್ಮನ್ನೆಲ್ಲ ಹೊರಡಿಸಿ, ನೀರಿನ ಕ್ಯಾನುಗಳನ್ನು ಆಟೋಕ್ಕೆ ಹಾಕಿಸಿ, ರೇಸಿನ ದಾರಿಯಲ್ಲೇ ಮುಂದೆ ಒಂದು ಹುಣಸೆಮರದ ಕೆಳಗೆ ಇಳಿಸಿದರು. ಆಟೋದವನಿಗೆ ಅಲ್ಲೇ ಇರಲು ಹೇಳಿದರು. "ಬರೋರಿಗೆಲ್ಲ ನೀರು ಕೊಡಿ" ಅಂದರು. ನಾನು ಗೆಲ್ಲಬೇಕಿದ್ದ ರೇಸಿನಲ್ಲಿ ನಾನೇ ನೀರು ಹಂಚುವವಳು. ಹಲ್ಲು ಕಚ್ಚಿಕೊಂಡು ನಿಂತೆ.

ಮುಂದಿದ್ದವಳು ಶಿವಮೊಗ್ಗದ ಒಂದು ಶಾಲೆಯ ಹುಡುಗಿ. ತಿರುಗಿ ಬರುವಾಗ ಅವಳ ಸೈಕಲ್ಲು ರಸ್ತೆಯ ಈ ಬದಿಯಿಂದ ಆ ಬದಿಗೆ ವಾಲಾಡುತ್ತಿತ್ತು. ಮರದ ಹತ್ತಿರ ಬಂದವಳು ಸೈಕಲ್ ಸಮೇತ ಬಿದ್ದಳು. ಮುಖ ಕೆಂಡದಂತಾಗಿತ್ತು, ಆದರೆ ಮೈಯಲ್ಲಿ ಬೆವರೇ ಇರಲಿಲ್ಲ. "ಬಾಗಿಲು ತೆಗಿ, ಅಮ್ಮ ಬೈತಾಳೆ" ಎಂದು ಏನೇನೋ ಬಡಬಡಿಸುತ್ತಿದ್ದಳು. ಕುಡಿಸಲು ಹೋದ ನನ್ನ ಕೈಯನ್ನು ಮೇಡಂ ತಡೆದರು.

"ಬಾಯಿಗೆ ಬೇಡ, ಗಂಟಲಿಗೆ ಸಿಕ್ಕುತ್ತೆ! ಮೈಮೇಲೆ ಹೊಯ್ಯಿ. ಕತ್ತು, ಕಂಕುಳು... ನಿಲ್ಲಿಸಬೇಡ."

ನಾನು ಹೊಯ್ದೆ. ಒಬ್ಬಳು ರಟ್ಟಿನಿಂದ ಗಾಳಿ ಬೀಸಿದಳು, ಇನ್ನೊಬ್ಬಳು ಅವಳ ಬೂಟು ಬಿಚ್ಚಿದಳು. ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗುವಾಗಲೂ ದಾರಿಯುದ್ದಕ್ಕೂ ಮೇಡಂ ಅವಳ ಮೈ ಒರೆಸುತ್ತಲೇ ಇದ್ದರಂತೆ. ಹುಡುಗಿ ಬದುಕಿದಳು ಎಂಬ ಸುದ್ದಿ ಮಾರನೆಯ ದಿನ ಬಂತು.

ಇಷ್ಟಾದರೂ ಮೇಡಂಗೆ ಯಾರೂ ಶಹಭಾಸ್ ಅನ್ನಲಿಲ್ಲ. ಅನುಮತಿ ಇಲ್ಲದೆ ತಂಡವನ್ನು ರೇಸಿನಿಂದ ಹಿಂತೆಗೆದರು, ಅತಿಥಿಗಳ ಎದುರು ಅವಮಾನ ಮಾಡಿದರು ಎಂದು ದೂರು ಹೋಯಿತು. ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಅವರಿಗೆ ದೂರದ ಊರಿಗೆ ವರ್ಗವಾಗಿತ್ತು. ಹಾಸ್ಟೆಲ್ಲಿನ ಜಾಗ ಬೇರೆ ಯಾರಿಗೋ ಹೋಯಿತು.

ಹೊರಡುವ ಮುಂಚೆ ನಮ್ಮ ಮನೆಗೆ ಬಂದರು. ನಾನು ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಅವರು ಅಪ್ಪನ ಹತ್ತಿರ, "ನಿಮ್ಮ ಮಗಳೇ ಗೆಲ್ತಿದ್ಲು. ಆ ಜಾಗ ತಪ್ಪಿಸಿದ್ದು ನಾನೇ. ಅದನ್ನ ಹೇಳಿ ಹೋಗೋಣ ಅಂತ ಬಂದೆ" ಅನ್ನುವುದು ಕೇಳಿಸಿತು. ಅಪ್ಪ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ ಮಾಡಿದವರು. ಮೇಡಂಗೆ ಕುರ್ಚಿ ಎಳೆದು ಕೊಟ್ಟು, "ಬೆವರು ನಿಂತವರನ್ನ ನಾನು ಹೊತ್ತುಕೊಂಡು ಹೋಗಿದೀನಿ ಮೇಡಂ. ಎಲ್ರೂ ವಾಪಸ್ ಬರಲಿಲ್ಲ. ಕೂತ್ಕೊಳ್ಳಿ, ಕಾಫಿ ಕುಡಿದು ಹೋಗಿ" ಅಂದರು. ಅಪ್ಪ ಮನೆಯಲ್ಲಿ ಆ ಮಾತನ್ನು ಅದಕ್ಕೆ ಮುಂಚೆ ಯಾವತ್ತೂ ಆಡಿರಲಿಲ್ಲ. ನಾನು ಎದ್ದುಹೋಗಿ ಕಾಫಿ ಮಾಡಿದೆ. ಲೋಟ ಕೊಡುವಾಗ ಮೇಡಂ ನನ್ನ ಮುಖ ನೋಡಿ ತಲೆ ಸವರಿದರು.

ಆಮೇಲೆ ನಮ್ಮ ನಡುವೆ ಕಾಗದ, ಫೋನು ನಡೆದೇ ಇತ್ತು. ನನ್ನ ಮದುವೆಗೂ ಬಂದಿದ್ದರು. ರೇಸಿನ ಆಸೆ ಮಾತ್ರ ಅಲ್ಲಿಗೇ ಮುಗಿಯಿತು. ಈಗ ಲ್ಯಾಬಿನ ಕೆಲಸಕ್ಕೆ ದಿನಾ ಸೈಕಲ್ಲಿನಲ್ಲೇ ಹೋಗುತ್ತೇನೆ, ಅಷ್ಟೇ. ಒಮ್ಮೊಮ್ಮೆ, ಆ ದಿನ ಬಿಟ್ಟಿದ್ದರೆ... ಅಂತ ಈಗಲೂ ಅನ್ನಿಸುತ್ತದೆ. ಸುಳ್ಳು ಯಾಕೆ ಹೇಳಲಿ.

ಮಜ್ಜಿಗೆ ಕುಡಿದ ಆ ದಿನ ಸಂಜೆ ಫೋನ್ ಮಾಡೋಣ ಅಂದುಕೊಂಡೆ. ಮಾಡುವ ಮುಂಚೆಯೇ ಹಳೆಯ ಗೆಳತಿಯ ಫೋನ್ ಬಂತು. ಮೇಡಂ ಹೋಗಿಬಿಟ್ಟಿದ್ದರು, ನಿದ್ದೆಯಲ್ಲೇ.

ಮಾರನೆಯ ಬೆಳಿಗ್ಗೆ ನಾನು ಹೋದಾಗ ಮೇಡಂ ಮನೆಯ ತುಂಬ ಅವರು ಕಲಿಸಿದ ಮಕ್ಕಳೇ ಇದ್ದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ತೊಡೆಯ ಮೇಲೆ ಮಲಗಿದ್ದ ಮಗುವಿಗೆ ಸೆರಗಿನಿಂದ ಗಾಳಿ ಹಾಕುತ್ತಾ, "ನೀವು ಅವರ ಸ್ಟೂಡೆಂಟಾ?" ಅಂದಳು.

"ಹೂಂ. ನೀವು?"

"ನಾನಲ್ಲ. ಒಂದು ಸಲ ಸೈಕಲ್ ರೇಸಲ್ಲಿ ಬಿದ್ದಿದ್ದೆ, ಅವರು ಎತ್ಕೊಂಡು ಹೋದ್ರು. ಆವತ್ತಿಂದ ಪ್ರತಿ ಯುಗಾದಿಗೂ ಇವರ ಮನೆಗೆ ಬರ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ಆ ರೇಸಲ್ಲಿ ನೀವೂ ಇದ್ರಾ?" ಎಂದು ಕೇಳಿದಳು.

"ಇರಲಿಲ್ಲ. ಮೇಡಂ ಬಿಡಲಿಲ್ಲ" ಅಂದೆ.

ಅವಳು ಮಗುವನ್ನು ಇನ್ನೊಂದು ತೊಡೆಗೆ ಸರಿಸಿಕೊಂಡು ನನ್ನ ಕೈ ಹಿಡಿದಳು. ನಮ್ಮಿಬ್ಬರನ್ನೂ ಪರಿಚಯ ಮಾಡಿಸಬೇಕಿದ್ದವರು ಎದುರಿಗೆ ಬಿಳಿ ಬಟ್ಟೆಯ ಕೆಳಗೆ ಮಲಗಿದ್ದರು.