ಓನರ್ ಆಂಟಿಯ ಕಾಯಿಲೆ

ಕೊರೊನಾ ಎರಡನೇ ಅಲೆ ಜೋರಾಗಿದ್ದಾಗ ನಾನು ಬಸವೇಶ್ವರನಗರದ ಒಂದು ಮನೆಯ ಮೇಲಿನ ಪೋರ್ಷನ್‌ನಲ್ಲಿ ಬಾಡಿಗೆಗಿದ್ದೆ. ಕೆಳಗೆ ಓನರ್ ಆಂಟಿ, ಅಂಕಲ್, ಮಗ, ಸೊಸೆ, ಮೊಮ್ಮಗಳು. ಲಾಕ್‌ಡೌನ್ ಆದಮೇಲೆ ಎಲ್ಲರೂ ಇಡೀ ದಿನ ಮನೆಯಲ್ಲೇ. ಹಾಲ್‌ನಲ್ಲಿ ಅಂಕಲ್ ಟಿ.ವಿ. ಮುಂದೆ, ಒಂದು ರೂಮಿನಲ್ಲಿ ಮಗನ ಮೀಟಿಂಗ್, ಇನ್ನೊಂದರಲ್ಲಿ ಮಗುವಿನ ಆನ್‌ಲೈನ್ ಕ್ಲಾಸ್. ಬ್ಯಾಂಕ್ ಕೆಲಸದ ಪಾಸ್ ಇದ್ದದ್ದರಿಂದ ನಾನೊಬ್ಬಳು ಹೊರಗೆ ಓಡಾಡುತ್ತಿದ್ದೆ.

ಒಂದು ಭಾನುವಾರ ಟೆರೇಸಿನಲ್ಲಿ ಬಟ್ಟೆ ಒಣಗಿಹಾಕುತ್ತಿದ್ದೆ. ಆಂಟಿ ಖಾಲಿ ಬಕೆಟ್ ಹಿಡಿದು ಮೇಲೆ ಬಂದರು. ಮೆಟ್ಟಿಲ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದರು:

"ಮುಟ್ಟು ನಿಂತು ಎಷ್ಟೋ ವರ್ಷ ಆಯ್ತು ಕಣಮ್ಮ. ಈಗ ಮತ್ತೆ ರಕ್ತ ಹೋಗ್ತಾ ಇದೆ."

"ಯಾವಾಗಿಂದ ಆಂಟಿ?"

"ಸಂಕ್ರಾಂತಿ ಆದಮೇಲಿಂದ."

ಆಗ ಮೇ ತಿಂಗಳು. ನನಗೆ ಒಳಗೊಳಗೇ ಭಯವಾಯಿತು. "ಡಾಕ್ಟರಿಗೆ ಒಂದು ಫೋನ್ ಕೂಡ ಮಾಡಲಿಲ್ವಾ?"

"ಎಲ್ಲಿ ನಿಂತು ಮಾಡ್ಲಿ ಹೇಳು? ಬಾತ್‌ರೂಮಲ್ಲಿ ಪಿಸುಗುಟ್ಟಿದ್ರೂ ಹಾಲ್‌ಗೆ ಕೇಳುತ್ತೆ. ಆಸ್ಪತ್ರೆ ಅಂದ್ರೆ ಸಾಕು, ನಿಮ್ಮ ಅಂಕಲ್ ಕೊರೊನಾ ಅಂಟುತ್ತೆ ಅಂತ ಹೆದರಿ ಸಾಯ್ತಾರೆ."

ಇದನ್ನು ಹಾಗೇ ಬಿಡಬಾರದು ಎಂಬಷ್ಟು ನನಗೆ ಗೊತ್ತಿತ್ತು. ನಾನೇ ಫೋನ್ ಮಾಡಿದೆ; ವಿಜಯನಗರದಲ್ಲಿ ಕ್ಲಿನಿಕ್ ತೆರೆದಿದ್ದ ಒಬ್ಬ ಲೇಡಿ ಡಾಕ್ಟರ್ ಮಾರನೇ ದಿನ ಬರಹೇಳಿದರು. ಬ್ಯಾಂಕಿನಲ್ಲಿ ಸಹಿ ಹಾಕೋದಿದೆ ಎಂದು ಮನೆಯಲ್ಲಿ ಹೇಳಿ ಆಂಟಿ ನನ್ನ ಸ್ಕೂಟರ್ ಹತ್ತಿದರು.

ದಾರಿಯಲ್ಲಿ ಬ್ಯಾರಿಕೇಡ್. ಕಾನ್‌ಸ್ಟೆಬಲ್ ಕೈ ಅಡ್ಡ ಹಿಡಿದರು. ನನ್ನ ಪಾಸ್ ನೋಡಿ, "ನೀವು ಸರಿ. ಹಿಂದೆ ಕೂತಿರೋರು?" ಎಂದರು.

"ಆಸ್ಪತ್ರೆಗೆ ಸಾರ್."

"ಎಲ್ಲರೂ ಅದನ್ನೇ ಹೇಳ್ತಾರೆ. ಚೀಟಿ ಎಲ್ಲಿ? ಏನಾಗಿದೆ ಇವರಿಗೆ?"

ನಾನು ತೊದಲಿದೆ. ಹಿಂದೆ ಇನ್ನೂ ನಾಲ್ಕಾರು ಗಾಡಿಗಳು ನಿಂತಿದ್ದವು. ಸ್ಕೂಟರ್ ವಾಪಸ್ ತಿರುಗಿಸಿ ಎಂದು ಅವರು ಲಾಠಿ ತೋರಿಸಿದಾಗ ಆಂಟಿ ಕೆಳಗಿಳಿದರು.

"ನಾಲ್ಕು ತಿಂಗಳಿಂದ ರಕ್ತ ಹೋಗ್ತಾ ಇದೆ ಕಣಪ್ಪ. ಈ ವಯಸ್ಸಲ್ಲಿ ಹೋಗಬಾರದು. ಬಿಡು ನನ್ನ."

ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ಕಾನ್‌ಸ್ಟೆಬಲ್ ಬ್ಯಾರಿಕೇಡ್ ಸರಿಸಿದರು.

ಸ್ಕ್ಯಾನ್ ನೋಡಿದ ಡಾಕ್ಟರ್ ಹೇಳಿದರು: "ಗರ್ಭಕೋಶದ ಒಳಪದರ ದಪ್ಪ ಆಗಿದೆ. ಬಯಾಪ್ಸಿ ಮಾಡಲೇಬೇಕು. ದೊಡ್ಡ ಆಸ್ಪತ್ರೆಗೆ ಹೋಗಿ, ತಡ ಮಾಡಬೇಡಿ."

ಮನೆಗೆ ಬಂದವರೇ ಆಂಟಿ ಟಿ.ವಿ. ಆಫ್ ಮಾಡಿ ಅಂಕಲ್‌ಗೆ ಎಲ್ಲ ಹೇಳಿದರು. ಮಾರನೇ ದಿನ ಅಂಕಲ್ಲೇ ಅವರನ್ನು ಕರೆದುಕೊಂಡು ಹೊರಟರು.

ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಕೊರೊನಾ ಟೆಸ್ಟ್ ಅಂದರು. ಕೆಮ್ಮಿಲ್ಲ, ಜ್ವರವಿಲ್ಲ, ಆದರೂ ಪಾಸಿಟಿವ್ ಬಂತು. ನೆಗೆಟಿವ್ ಆಗುವವರೆಗೆ ಬಯಾಪ್ಸಿ ಆಗೋಲ್ಲ ಎಂದು ವಾಪಸ್ ಕಳಿಸಿದರು. ಮನೆಯಲ್ಲಿ ಆಂಟಿಯನ್ನು ಹಿಂದಿನ ರೂಮಿಗೆ ಹಾಕಿದರು. ನಾನು ಮೆಟ್ಟಿಲ ಮೇಲೆ ನಿಂತು ಕಿಟಕಿಯಿಂದ ಮಾತಾಡಿಸುತ್ತಿದ್ದೆ.

"ಇವತ್ತು ಜಾಸ್ತಿ ಇದೆ ಕಣೇ," ಎನ್ನುತ್ತಿದ್ದರು. ಕೊರೊನಾ ಬಗ್ಗೆ ಒಂದು ಮಾತೂ ಇಲ್ಲ. ಅಂಕಲ್ ದಿನವೂ ಆಸ್ಪತ್ರೆಗೆ ಫೋನ್ ಮಾಡಿ ಬೇಡಿಕೊಳ್ಳುತ್ತಿದ್ದದ್ದು ಮೇಲಿನವರೆಗೂ ಕೇಳಿಸುತ್ತಿತ್ತು.

ಜೂನ್ ಹೊತ್ತಿಗೆ ಬಯಾಪ್ಸಿ ಆಯಿತು. ಕ್ಯಾನ್ಸರ್. ಗರ್ಭಕೋಶ ತೆಗೆದರು. ಕಾಯಿಲೆ ಅದರ ಗೋಡೆಯೊಳಗೂ ಇಳಿದಿದ್ದರಿಂದ ರೇಡಿಯೇಷನ್ನೂ ಬೇಕಾಯಿತು. "ಇನ್ನೂ ಮುಂಚೆ ಬಂದಿದ್ರೆ ಇದು ತಪ್ತಿತ್ತೋ ಏನೋ," ಎಂದರಂತೆ ಸರ್ಜನ್.

ಆಂಟಿ ಬದುಕಿದ್ದಾರೆ. ನಾನು ಈಗ ಮನೆ ಬದಲಿಸಿ ಆರ್‌ಪಿಸಿ ಲೇಔಟಿನಲ್ಲಿದ್ದೇನೆ. ಚೆಕಪ್ ಇದ್ದ ದಿನ ರಿಪೋರ್ಟ್ ಕೈಗೆ ಬರುವವರೆಗೂ ಅವರು ತಿಂಡಿ ಮುಟ್ಟುವುದಿಲ್ಲ. ಬಂದ ಮೇಲೆ ಒಂದೇ ಮಾತು ಫೋನಿನಲ್ಲಿ: "ಏನಿಲ್ಲವಂತೆ ಕಣೇ." ಆಮೇಲೆಯೇ ನಾನೂ ಕಾಫಿಗೆ ಏಳುತ್ತೇನೆ.